ತುಂಬಿದ ಕೊಡ

ಹಗಲು ದಾರ ಕತ್ತರಿಸುತ್ತೇನೆ.
ಕೌಲ್ ಬಜಾರಿನ ಎರಡನೇ ಮಹಡಿ,
ಹೊಲಿಗೆ ಮುಗಿದ ಜೀನ್ಸ್ ಎದುರಿಗೆ ಗುಡ್ಡೆ ಬೀಳುತ್ತದೆ,
ಕಾಲು ಹಿಡಿದು ತಿರುಗಿಸಿ, ಬಾಲದಂತೆ ಉಳಿದ ಎಳೆ
ಕಚಕ್.
ಪೀಸಿಗಿಷ್ಟು ಅಂತ ಲೆಕ್ಕ.
ಸೊಂಟದ ಪಟ್ಟಿಯ ಮೇಲೆ ಯಾವುದೋ ಊರಿನ ಹೆಸರು.
ಬಳ್ಳಾರಿ ಅಂತ ಎಲ್ಲೂ ಇಲ್ಲ.

ಸಂಜೆ, ಸೋಪಿಗೂ ಹೋಗದ ನೀಲಿ ಬೆರಳಲ್ಲಿ
ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತೆರೆಯುತ್ತೇನೆ.
ಸ್ಪೇಸ್ ಬಾರ್ ಒಂದು ಬದಿ ಕೂತುಬಿಟ್ಟಿತ್ತು;
ಗುಂಡಿ ಹಾಕುವ ಖಾದರವಲಿ
ಮಿಶಿನ್ನಿನ ಹಳೇ ವಾಷರ್ ತುರುಕಿ ಎಬ್ಬಿಸಿ ಕೊಟ್ಟ.

ನನ್ನ ಆಟದ ಹೆಸರು ತುಳುಕು.
ಒಬ್ಬ ಹುಡುಗಿ, ತಲೆಯ ಮೇಲೆ ಕೊಡ, ಹನ್ನೊಂದು ಓಣಿ.
ಟ್ಯಾಂಕರ್ ನಿಂತಲ್ಲಿಂದ ಮನೆಯ ತನಕ ನಡೆಯಬೇಕು, ಅಷ್ಟೇ.
ಓಡಿದರೆ ಚೆಲ್ಲುತ್ತದೆ.
ತುಂಬಿದ ಕೊಡ ತುಳುಕುವುದಿಲ್ಲ ಅಂತ
ಕರಿ ಹಲಗೆಯ ಮೇಲೆ ದುಂಡಗೆ ಬರೆಸಿದ ಮೇಷ್ಟ್ರು
ಒಂದು ದಿನವೂ ನೀರು ಹೊತ್ತವರಲ್ಲ.
ತುಳುಕುವುದು ತುಂಬಿದ್ದೇ.
ಅರ್ಧ ಕೊಡದವಳಿಗೆ ಏನು ಭಯ?

ಮೊದಲ ಶುಕ್ರವಾರ ತೋರಿಸಿದಾಗ ನೋಡಿದವರು ನಾಲ್ಕು.
ಒಂದು ನಾನು,
ಇನ್ನೊಂದು ಫೋನಿನಿಂದ ನಾನೇ,
ಮೂರನೆಯದು ಖಾದರವಲಿ,
ನಾಲ್ಕನೆಯದು ಯಾರೋ.
ಆ ಯಾರೋ ಒಬ್ಬರಿಗಾಗಿ
ವಾರವಿಡೀ ಕೂತು ಓಣಿಯ ನಾಯಿಗೆ ಬಾಲ ಬಿಡಿಸಿದೆ.

ಬಾಲ ಸರಿ, ನಾಯಿ ಯಾಕೆ ಬೊಗಳುವುದಿಲ್ಲ?
ಕೇಳಿದ್ದು ಅದೇ ಯಾರೋ. ಸಿರುಗುಪ್ಪದವರಂತೆ.
ಮಿಲ್ಲರ್‌ಪೇಟೆಯ ಮೂಲೆಯಲ್ಲಿ ನಡುರಾತ್ರಿ
ಫೋನು ಚಾಚಿ ನಿಂತೆ.
ಬೇಕಾದ ದಿನ ಒಂದು ನಾಯಿಯೂ ಬಾಯಿ ಬಿಡಲಿಲ್ಲ.
ಕೊನೆಗೆ ರಜಾಯಿ ಹೊದ್ದು ನಾನೇ ಬೊಗಳಿ ರೆಕಾರ್ಡ್ ಮಾಡಿದೆ.
ಯಾರಿಗೂ ಹೇಳಬೇಡಿ.

ಹನ್ನೆರಡು. ಹನ್ನೆರಡು. ಹತ್ತು.
ಆ ಇಬ್ಬರು ಎಲ್ಲಿಗೆ ಹೋದರೆಂದು ಎರಡು ದಿನ ಊಟ ಸೇರಲಿಲ್ಲ.
ದಿನಾ ಮೂರು ಸಲ ಕೂಗಬೇಕಕ್ಕಾ,
ಬಾಯಿ ತೆರೆದು ಫೋಟೋ ಹಾಕು, ಕೆಂಪು ಬಾಣ ಹಾಕು,
ಅಂದ ಚಿಕ್ಕಮ್ಮನ ಮಗ ಗಾದಿಲಿಂಗ.
ಕನ್ನಡಿ ಮುಂದೆ ಬಾಯಿ ತೆರೆದು ನೋಡಿದೆ.
ಹಲ್ಲಿನ ಡಾಕ್ಟರ್ ನೆನಪಾದ.

ಜನವರಿಯಲ್ಲಿ ದೊಡ್ಡ ಹೆಸರಿನ ಆಟಗಾರನೊಬ್ಬ
ನನ್ನ ಆಟ ಆಡಿ ಎರಡು ನಿಮಿಷ ನಕ್ಕ.
ಒಂದೇ ರಾತ್ರಿ ಮೂರು ಸಾವಿರದ ನೂರ ಆರು ಮಂದಿ!
ಎಲ್ಲರೂ ಓಡಿದರು.
ಎಲ್ಲರ ಕೊಡವೂ ಮೊದಲ ಓಣಿಯಲ್ಲೇ ಖಾಲಿ.
ಬೆಳಿಗ್ಗೆ ಎದ್ದರೆ, ಸಂಡೂರಿನ ಅದಿರು ಲಾರಿಗಳ ಸಾಲು
ಹಾದುಹೋದ ರಸ್ತೆ: ಕೆಂಪು ಧೂಳು, ಟಯರ್ ಗುರುತು.
ಧೂಳು ಇಳಿಯಲು ಬಿಟ್ಟು ಎಣಿಸಿದೆ.
ಒಂಬತ್ತು ಜನ ಉಳಿದಿದ್ದರು.
ಆ ಒಂಬತ್ತೂ ಹೆಸರು
ದಾರ ಕತ್ತರಿಸುತ್ತಲೇ ಬಾಯಿಪಾಠವಾದವು.

ಎರಡು ವರ್ಷ. ಇನ್ನೂರ ಹದಿನಾರು ಮಂದಿ.
ಇಷ್ಟು ಜೀನ್ಸ್ ನಾನು ಒಂದು ಮಧ್ಯಾಹ್ನಕ್ಕೆ ಮುಗಿಸುತ್ತೇನೆ.

ಮೊನ್ನೆ ರಾತ್ರಿ ಕರೆಂಟು ಹೋಗಿ ಬಂದ ಮೇಲೆ ನೋಡಿದರೆ
ಸಿರುಗುಪ್ಪದವರು ಹನ್ನೊಂದೂ ಓಣಿ ದಾಟಿದ್ದಾರೆ,
ಒಂದು ಹನಿ ಚೆಲ್ಲದೆ.
ಈವರೆಗೆ ಯಾರಿಂದಲೂ ಆಗಿರಲಿಲ್ಲ. ನನ್ನಿಂದಲೂ.
ಬಂದವರು ಬಾಗಿಲಲ್ಲಿ ನಿಂತಿದ್ದಾರೆ.
ಆರು ನಿಮಿಷ, ಯಾವ ಗುಂಡಿಯನ್ನೂ ಒತ್ತದೆ,
ತಲೆಯ ಮೇಲೆ ತುಂಬಿದ ಕೊಡ.
ನಾಯಿ, ಅಂದರೆ ನಾನು, ಎರಡು ಸಲ ಬೊಗಳಿದೆ.
ಆಮೇಲೆ ಹೊರಟುಹೋಗಿದ್ದಾರೆ.

ಆ ಬಾಗಿಲು ಬರೀ ಬಣ್ಣ.
ಒಳಗೆ ಏನೂ ಮಾಡಿಲ್ಲ.
ಅಷ್ಟು ದೂರ ಯಾರಾದರೂ ಬಂದಾರೆಂದು
ನಾನೇ ನಂಬಿರಲಿಲ್ಲ.

ಇವತ್ತು ಬುಧವಾರ.
ಶುಕ್ರವಾರದೊಳಗೆ ಬಾಗಿಲಿಗೆ ಕೀಲು ಬೇಕು,
ಒಳಗೊಂದು ತಣ್ಣನೆಯ ಮೂಲೆ,
ಕೊಡ ಇಳಿಸಿಕೊಳ್ಳಲು ಚಾಚಿದ ಎರಡು ಕೈ.
ಬೆರಳ ಸಂದಿಗೆ
ಸ್ವಲ್ಪ ನೀಲಿ ಹಚ್ಚೋಣವೆಂದಿದ್ದೇನೆ.