ಹೋಲ್ಡಾನ್

ಇಪ್ಪತ್ತೊಂಬತ್ತು ವರ್ಷ, ಓಡುವ ಬಸ್ಸಿನೊಳಗೆ
ಯಾವ ಕಂಬಿಯನ್ನೂ ಹಿಡಿಯದೆ ನಿಂತವಳು ನಾನು.
ಒಂದು ಕೈಗೆ ಟಿಕೆಟ್ಟು, ಒಂದು ಕೈಗೆ ಚಿಲ್ಲರೆ,
ಸೊಂಟಕ್ಕೆ ಸೀಟಿನ ಅಂಚು, ಅಷ್ಟೇ ಆಸರೆ.
ಈಗ ಮಂಡಿ ಲೆಕ್ಕ ಕೇಳುತ್ತಿದೆ,
ಪೈಸೆ ಪೈಸೆ.

ಫಿಸಿಯೋ ಹುಡುಗಿ ಇಂಚರ ಹೇಳಿದಳು:
ಒಂದಲ್ಲ ಆಂಟಿ, ಎರಡು ಹಿಡೀರಿ.
ಒಂದು ಹಿಡಿದರೆ ಮುದುಕಿ,
ಎರಡು ಹಿಡಿದರೆ ಟ್ರೆಕ್ಕಿಂಗು!
ಜಯನಗರದಲ್ಲಿ ಕೊಂಡ ಜೋಡಿ ಕೋಲು
ಮಡಚಿದರೆ ಕೊಡೆ, ಎಳೆದರೆ ಕೊಕ್ಕರೆ ಕಾಲು.
ಏರಿಗೆ ಗಿಡ್ಡ ಮಾಡು, ಇಳಿಜಾರಿಗೆ ಉದ್ದ,
ಟಾರು ರಸ್ತೆಗೆ ರಬ್ಬರಿನ ಟೋಪಿ ಹಾಕು,
ಮಣ್ಣು ಸಿಕ್ಕ ಕೂಡಲೆ ತೆಗೆ.

ತುರಹಳ್ಳಿ ಕಾಡು. ಬೆಳಗ್ಗೆ ಆರೂ ಕಾಲು.
ರಾತ್ರಿ ಮಳೆ ಬಿದ್ದು ಬಂಡೆಗಳೆಲ್ಲ ಎಮ್ಮೆಬೆನ್ನು.
ಟಿಕ್, ಟಿಕ್, ಸಿಕ್ಕಾಪಟ್ಟೆ ಟಿಕ್ ಟಿಕ್,
ನವಿಲೊಂದು ಬೇಜಾರಾಗಿ ಎದ್ದು ಹೋಯಿತು.

ಅಲ್ಲೇ ಸಿಕ್ಕಿದ್ದು ಅಕ್ಕಯಮ್ಮ.
ಕೈಯಲ್ಲಿ ಬಂದರೆ ಗಿಡದ ಕೋಲು, ಸೊಂಟದಲ್ಲಿ ಮಡಿಲು,
ಬಾಯಲ್ಲಿ ಎಲೆಯಡಿಕೆ.
'ಏನವ್ವಾ, ನೆಲಕ್ಕೆ ಹೊಲಿಗೆ ಹಾಕ್ತಾ ಬಂದೀಯ?'
ತಿರುಗಿ ನೋಡಿದೆ. ನಿಜ.
ಕೆಮ್ಮಣ್ಣಿನುದ್ದಕ್ಕೂ ನನ್ನ ಎರಡು ಸಾಲು ತೂತು.
'ಎರಡೂ ಕೈ ಕೋಲಿಗೇ ಕೊಟ್ರೆ
ಸೊಪ್ಪೇನು ಬಾಯಲ್ಲಿ ಕೀಳ್ತೀಯಾ, ಮೇಕೆ ಹಂಗೆ?'

ಅಂದಿನಿಂದ ವಾರಕ್ಕೆರಡು ದಿನ ಪಾಠ.
ಒಂದು ಕೋಲನ್ನು ನೆಲಕ್ಕೂರು, ಅದಕ್ಕೆ ಭಾರ ಬಿಡು.
ಇನ್ನೊಂದನ್ನು ಮಣಿಕಟ್ಟಿನ ಪಟ್ಟಿಗೆ ತೂಗಿಸು.
ಕೈ ಹೋಗುವ ಮೊದಲು ಕೋಲು ಹೋಗಲಿ;
ಒಳಗೆ ಮಲಗಿದವರಿಗೆ ಎದ್ದು ಹೋಗಲು ಹೊತ್ತು ಕೊಡು.
ಕಾಂಗ್ರೆಸ್ ಗಿಡ ಸರಿಸಿದರೆ ಕೆಳಗೆ
ಗಣಿಕೆ, ಗೋಣಿಸೊಪ್ಪು, ತಲೆ ಬಾಚದ ಅಣ್ಣೆ.
ಬೇರು ಬೇಡ, ಕುಡಿ ಸಾಕು.
ಚಿಟ್.
ಟಿಕೆಟ್ಟು ಹರಿದ ಬೆರಳಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ.

ಒಮ್ಮೆ ಗಾರ್ಡು ಸೀಟಿ ಊದಿದ.
ಅರ್ಧ ಜೀವಮಾನ ಸೀಟಿ ಊದಿದವಳು
ಮೊದಲ ಸಲ ಅದಕ್ಕೆ ಹೆದರಿ ನಿಂತೆ.
'ಕಾಡೊಳಗಿಂದ ಒಂದೆಲೆಯೂ ಇಲ್ಲ, ಅಮ್ಮ.'
ಸರಿ. ಒಳಗೆ ಬರೀ ನಡಿಗೆ,
ಕೊಯ್ಲು ಬೇಲಿಯಾಚೆ, ಖಾಲಿ ಸೈಟುಗಳಲ್ಲಿ.
'ಈ ಸ್ವತ್ತು ಮಾರಾಟಕ್ಕಿಲ್ಲ' ಎಂಬ ಬೋರ್ಡಿನ ಬುಡದಲ್ಲಿ
ಹೊನಗೊನ್ನೆ ಹೇರಳ, ಕೇಳುವವರಿಲ್ಲ.
ಓದು ಬಾರದ ಅಕ್ಕಯಮ್ಮ ಬೋರ್ಡಿಗೆ ಸೆರಗು ನೇತುಹಾಕಿ
ಕುಡಿ ಚಿವುಟುತ್ತಾಳೆ, ಮೂರಕ್ಕೊಂದು ಬಿಟ್ಟು.
'ಅದು ಯಾರಿಗೆ?' ಅಂದೆ.
'ಅದಕ್ಕೇ' ಅಂದಳು.

ಮೊನ್ನೆ ಬಂಡೆ ಇಳಿಯುವಾಗ
ಪಾಚಿಯ ಮೇಲೆ ಜರ್ರನೆ ಜಾರಿತು
ಅವಳ ಬರಿಗಾಲು. ನನಗಿಂತ ಗಟ್ಟಿಯಾದ ಕಾಲು.
ಗಂಟಲೊಳಗಿಂದ, ನಿವೃತ್ತಿಯಾದ ಎಲ್ಲಿಂದಲೋ,
'ಹೋಲ್ಡಾನ್!'
ಇಡೀ ಕಾಡು ಬ್ರೇಕು ಹಾಕಿತು.
ಕೋಲಿನ ಹಿಡಿಯನ್ನು ಅವಳತ್ತ ಚಾಚಿದ್ದೆ,
ಮೊನೆ ನನ್ನ ಅಂಗೈಯಲ್ಲಿ.
ಹಿಡಿದಳು. ನಿಂತಳು. ಸೊಪ್ಪು ಚೆಲ್ಲಿತು, ಅವಳಲ್ಲ.
ಅವಳ ಬಂದರೆ ಕೋಲು ಉರುಳಿ
ಸಂದಿಯಲ್ಲಿ ಸಿಕ್ಕಿ, ನಡುವೆ ಲಟಕ್ಕೆಂದಿತು.

ಏನೂ ಮಾತಾಡದೆ ಕೂತೆವು ಸ್ವಲ್ಪ ಹೊತ್ತು.
ದೂರದಲ್ಲಿ ಕನಕಪುರ ರಸ್ತೆಯ ಹಾರನ್ನು.
ಆಮೇಲೆ ಅವಳೇ, ಕೋಲನ್ನು ಮೂಗಿಗೆ ಹಿಡಿದು,
'ಇದಕ್ಕೆ ವಾಸನೇನೇ ಇಲ್ವಲ್ಲೇ' ಅಂದಳು,
ಉದ್ದ ಮಾಡಿದಳು, ಗಿಡ್ಡ ಮಾಡಿದಳು,
ಹತ್ತು ಸಲ, ಮಗುವಿನ ಹಾಗೆ,
ಊರಿಕೊಂಡು ಮನೆಗೆ ಹೋದಳು. ನಾನೂ ಕೇಳಲಿಲ್ಲ.

ರಾತ್ರಿ ಮಸ್ಸೊಪ್ಪು, ಮುದ್ದೆ.
ಚಪ್ಪಲಿ ಸ್ಟ್ಯಾಂಡಿನ ಪಕ್ಕ ಈಗ ಒಂದೇ ಕೋಲು,
ಮೊನೆಗೆ ಚುಚ್ಚಿಕೊಂಡ ಗಣಿಕೆ ಹಣ್ಣು, ಕಪ್ಪಗೆ.
ಹೊತ್ತಿಗೆ ಸರಿಯಾಗಿ ಮಂಡಿ ನೋಯುತ್ತಿದೆ.
ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಬೆನ್ನಿಗೆ
ಬರೆದು ಕೊಡುತ್ತಿದ್ದೆನಲ್ಲ, ಹಾಗೆ
ಕ್ಯಾಲೆಂಡರಿನ ಬರುವ ಗುರುವಾರದ ಮೇಲೆ ಬರೆದಿದ್ದೇನೆ:
ಬಾಕಿ, ಒಂದು ಕೋಲು.
ಯಾರು ಯಾರಿಗೆ ಎಂದು
ಬರೆದಿಲ್ಲ.