ಒಂದು ಮೊಳ

ಶೋರೂಮಿಗೆ ಹೋಗೂಮುಂದ ಕಿಸೆದಾಗ
ಹಗ್ಗ ಇಟಗೊಂಡು ಹೋಗಿದ್ದೆ,
ಬಟ್ಟಿ ಒಣಹಾಕೂ ಹಗ್ಗ. ಅಂಗಳದ ಉದ್ದ ಅಳದು
ಕಸ್ತೂರೆವ್ವ ಆ ತುದಿಗೆ ಗಂಟ ಹಾಕಿಕೊಟ್ಟಿದ್ಲು.

ಗೋಕುಲ ರೋಡಿನ ಗಾಜಿನ ಮನ್ಯಾಗ ಟೈ ಕಟ್ಟಿದ ಹುಡುಗ
"ಡಿಕ್ಕಿ ಐನೂರು ಲೀಟರ್ ಐತ್ರಿ ಅಂಕಲ್" ಅಂದ.
ಲೀಟರ್? ಹಾಲು ತುಂಬತಾರೇನೋ ತಮ್ಮಾ ಅದರಾಗ?
ಅವ ನಕ್ಕ. ನಾ ಮೊಣಕಾಲೂರಿ
ಮುಂದಿನ ಬಂಪರಿನಿಂದ ಹಿಂದಿನ ಬಂಪರಿನತನಕ
ಹಗ್ಗ ಹಿಡದು ನೋಡಿದೆ.
ಒಂದು ಮೊಳ ಕಮ್ಮಿ ಬಿತ್ತು
ಅಂಗಳ.

"ಹಂಗಾರ ಸಣ್ಣದು ತಗೋರಿ, ಬಾಲ ಇಲ್ಲದ್ದು."
ಇಪ್ಪತ್ತಾರು ವರ್ಷ ಬಸ್ಸ ಹೊಡದಾವ ನಾನು, ಅಡಿವೆಪ್ಪ,
ಐವತ್ತು ಮಂದಿ ಹಿಂದ ಕುಂತು ಬೈದಿದ್ದು ಕೇಳಿದಾವ.
ಹಿಂದ ಏನೂ ಇಲ್ಲದ ಗಾಡಿ ನನಗ
ಬೆನ್ನಿಲ್ಲದ ಅಂಗಿ ಹಾಕ್ಕೊಂಡಂಗ.

ಬ್ಯಾಂಕಿನಾವ ಸುತ್ತಾಡಿಸಿದ, ಸೊಸೈಟಿಯವರು ಹೂಂ ಅಂದ್ರು.
ತಿಂಗಳಿಗೆ ಒಂಬತ್ತು ಸಾವಿರದ ಆರನೂರು, ಐದು ವರ್ಷ.
ಮಗಳು ಸುಪ್ರಿಯಾ ಬಿಳೇದು ಅಂದ್ಲು, ಅಳಿಯ ಬೂದಿ ಬಣ್ಣ ಅಂದ.
ಹುಬ್ಬಳ್ಳಿ ಧೂಳಿಗೆ ಎಲ್ಲಾ ಬಣ್ಣಾನೂ
ಎರಡ ದಿನ.

ಉಳದದ್ದು ಆ ಒಂದು ಮೊಳ.
ತುಳಸಿಕಟ್ಟಿ ಸರಿಸೂಹಂಗಿಲ್ಲ. ಆ ಕಡೆ ಹಜರೇಸಾಬನ ಗ್ವಾಡಿ.
"ಒಗಿಯೂ ಕಲ್ಲು ತಗೀರಿ" ಅಂದ್ಲು ಕಸ್ತೂರೆವ್ವ,
ನಾ ಬಾಯಿ ತಗಿಯೂಕಿಂತ ಮೊದಲ.
ಅಮ್ಮಿನಬಾವಿಯಿಂದ ಅವರಪ್ಪ ಚಕ್ಕಡ್ಯಾಗ ಹೇರಿ ಕಳಿಸಿದ ಕಲ್ಲು.
ಅದರ ಮ್ಯಾಲ ನನ್ನ ಖಾಕಿ ಬಡದೂ ಬಡದೂ
ನಡುವ ತಗ್ಗಾಗಿತ್ತು, ಬಸ್ಸಿನ ಮೆಟ್ಟಲಾ ಸವದಂಗ.
ಹಾರಿ ಹಾಕಿ ಎಬ್ಬಿಸಿ ಗ್ವಾಡಿಗೆ ಆನಿಸಿ ನಿಲ್ಲಿಸಿದ್ವಿ.
ಕೆಳಗ ಕರೀ ನೆಲ, ಎರಡು ಎರೆಹುಳ.
ಮರುದಿನ ಅಲ್ಲೇ ಡಿಕ್ಕಿ ಬಂದು ನಿಂತ್ತು.

ಮೊದಲ ತಿಂಗಳು ರಸ್ತೆ ನನ್ನ ಮಾರಿಗೆ ಬಂದಂಗ,
ಅಷ್ಟು ಕೆಳಗ ಕುಂತಾವ ಅಲ್ಲ ನಾನು.
ಉಣಕಲ್ಲಿನ ತಿರುವಿನ್ಯಾಗ ಅಗಲಾಗಿ ಹೊರಳಿಸಿದ್ರ
"ಇದು ಬಸ್ಸಲ್ಲ" ಅಂತ ಆಕಿ ತೊಡಿ ತಟ್ಟಾಕಿ.
ಭೈರಿದೇವರಕೊಪ್ಪದ ಸ್ಟಾಪಿನ್ಯಾಗ ಕಾಲು ತಾನ ಬ್ರೇಕ್ ಒತ್ತಿತು.
ಹಿಂದಿನ ಬಾಗಲಾ ತಗದು ಪೇರಲದ ಬುಟ್ಟಿ ಸಮೇತ
ಮುದುಕಿಯೊಬ್ಬಾಕಿ ಹತ್ತಿ ಕುಂತ್ಲು:
"ನವಲೂರ ಎಷ್ಟೋ ಯಪ್ಪಾ?"
ನಾ ತಡವರಿಸಿದೆ. ಕಸ್ತೂರೆವ್ವ ತಿರುಗಿ ನೋಡಿ
"ಚಿಲ್ಲರ ಇಲ್ಲ, ಕುಂದರಬೇ" ಅಂದ್ಲು.
ಇಳಿಯೂಮುಂದ ನಾಕು ಹಣ್ಣು ಸೀಟಿನ ಮ್ಯಾಲ.
ಎಂಟು ದಿನ ಗಾಡೆಲ್ಲಾ ಪೇರಲ.

ಸೀಟಿನ ಪ್ಲಾಸ್ಟಿಕ್ಕು ಇನ್ನೂ ತಗದಿಲ್ಲ.
ಎಸಿ ಬರೇ ಬೀಗರು ಕುಂತಾಗ.
ಅಪಘಾತ ಮಾಡದಾವ ಅಂತ ಪದಕ ತಗೊಂಡಾವ
ನನ್ನ ಗೇಟಿಗೇ ಎಡಗಡೆ ಗೀರಿಸಿಕೊಂಡೆ,
ಯಾರಿಗೂ ಹೇಳಲಿಲ್ಲ, ಎಲ್ಲಾರಿಗೂ ಕಂಡಿತು.

ಸಂಜಿಗೆ ಗಾಡಿ ಒಳಗ ತರೂಮುಂದ
ಕಲ್ಲು ನಿಂತ ಇರತಿತ್ತು, ಹೆಂಗ ನಿಲ್ಲಿಸಿದ್ವೋ ಹಂಗ.
ಆದರ ಹಸಿ.
ನಾಕೈದು ಸಲ ನೋಡಿದೆ. ಕೇಳಲಿಲ್ಲ.

ಹೋದ ಮಂಗಳವಾರ ಪಾಕೀಟ ಮರತು ಲಗೂನ ಹೊಳ್ಳಿ ಬಂದೆ.
ಓಣಿ ಮೂಲ್ಯಾಗ ಇದ್ದಂಗನ ಕೇಳಿಸ್ತು:
ಧಪ್.
ಧಪ್.
ಬಚ್ಚಲದಾಗ ಟೈಲ್ಸಿನ ಮ್ಯಾಲ ತಿಕ್ಕೂದು ಬ್ಯಾರೆ,
ಇದು ಕೈ ತಲಿ ಮ್ಯಾಲ ಎತ್ತಿ ಬಡಿಯೂ ಸಪ್ಪಳ.
ಇಂಜಿನ್ ಬಂದ್ ಮಾಡಿದೆ.
ಒಂದು ನಿಮಿಷ ತಡಾ ಆದ್ರ ಕಂಟ್ರೋಲರಿಗೆ ಜವಾಬು ಕೊಟ್ಟಾವ ನಾನು,
ಅರ್ಧಾ ತಾಸು ಅಲ್ಲೇ ಕುಂತೆ
ಹಜರೇಸಾಬನ ಬೇವಿನ ನೆಳ್ಳಾಗ.

ಸಪ್ಪಳ ನಿಂತ ಮ್ಯಾಲ ಹಾರ್ನ್ ಹೊಡದೆ, ಸಣ್ಣದಾಗಿ.
ಗೇಟ ತಗದು, ಸೀರಿ ನೆರಗಿ ಕಟ್ಟಿದ್ದು ಹಂಗ ಇತ್ತು,
ಬಕೀಟ ಬದಿಗೆ ಸರಿಸಿ ಹಿಂದ ನಿಂತ್ಲು.
"ಬರ್ಲಿ... ಬರ್ಲಿ... ಇನ್ನಷ್ಟು ಬರ್ಲಿ...
ಹೋಲ್ಡಾನ್!"
ಡಿಕ್ಕಿಗೆ ಒದ್ದಿ ಅಂಗೈಲೆ ಎರಡು ಏಟು.

ಐದು ಬೆರಳು ಮೂಡಿದ್ವು ಧೂಳಿನ್ಯಾಗ.
ಅರಬಿ ತಗೊಂಡು ಬಂದೆ,
ಹಳೇ ಖಾಕಿ ಅಂಗಿ ಹರದದ್ದು,
ಸುತ್ತ ಎಲ್ಲಾ ಒರಸಿದೆ.