ಏರಿಯ ಮೇಲೆ ಹುಲ್ಲು ಮಾತ್ರ

ಏರಿಯ ಮೇಲೆ ಮರ ಬೆಳೆಯಬಾರದು.
ಮದುವೆಯಾಗಿ ಬಂದ ವಾರವೇ
ಮಾವ ಬೊಹುಮಿಲ್ ಕಲಿಸಿದ ಪಾಠ:
ಕಾಟನ್‌ವುಡ್ ಸಸಿ ಬೆರಳುದ್ದ ಇರುವಾಗಲೇ ಕಿತ್ತುಬಿಡು,
ಬೇರು ಸತ್ತ ಮೇಲೆ ಅದು ಬಿಟ್ಟ ದಾರಿಯಲ್ಲೇ
ನೀರು ನಡೆಯುತ್ತದೆ.

ಇಪ್ಪತ್ತೆರಡಡಿ ಎತ್ತರ. ನೆಬ್ರಾಸ್ಕಾದ ಹಳದಿ ಮಣ್ಣು,
ಹೊಟ್ಟೆಯಲ್ಲಿ ಜೇಡಿ. ಐವತ್ತೇಳರಲ್ಲಿ
ಬಾಡಿಗೆ ಟ್ರ್ಯಾಕ್ಟರು ತಂದು ಕಟ್ಟಿದ್ದು.
ಸರ್ಕಾರ ನಕ್ಷೆ ಕೊಟ್ಟಿತು, ಕೊಳವೆ ಕೊಟ್ಟಿತು,
ಕೈಕುಲುಕಿ ಹೊರಟುಹೋಯಿತು.
ಏರಿ ನಮ್ಮ ಪಾಲಿಗೆ ಬಂತು, ಹೊಲದ ಜೊತೆಗೆ,
ಮೂರು ಕಟ್ಟೆ ಮಾತಾಡದ ಪಿಯಾನೋ ಜೊತೆಗೆ.

ಕೆರೆ ಅಂದುಕೊಳ್ಳಬೇಡಿ, ನೀರು ನಿಲ್ಲುವುದಿಲ್ಲ ಇಲ್ಲಿ.
ವರ್ಷಕ್ಕೆ ಮುನ್ನೂರೈವತ್ತು ದಿನ
ಏನನ್ನೂ ತಡೆಯದೆ ಅಡ್ಡ ಮಲಗಿರುತ್ತದೆ,
ಹೊಸ್ತಿಲ ಮೇಲಿನ ಮುದಿ ನಾಯಿಯ ಹಾಗೆ;
ದನ ದಾಟಿಕೊಂಡು ಹೋಗುತ್ತವೆ.

ಮಾರ್ಚಿಯಲ್ಲಿ ಬಂದಳು ತಪಾಸಣೆಯ ಹುಡುಗಿ,
ಕಿರ್ಸ್ಟನ್ ಓಸ್ಟರ್‌ಗಾರ್ಡ್, ಹೊಸ ಬೂಟು.
ಮಸ್ಕ್‌ರ‍್ಯಾಟ್ ಬಿಲ ಎಣಿಸಿದಳು: ಹನ್ನೊಂದು.
ತೂಬಿನ ತುಕ್ಕು ಮುಟ್ಟಿ ಪ್ಯಾಂಟಿಗೆ ಒರೆಸಿಕೊಂಡಳು.
ಕೋಡಿಯ ಅಗಲ ಎರಡು ಸಲ ಅಳೆದಳು.
ಮಿಸೆಸ್ ಹ್ರುಷ್ಕಾ, ಇನ್ನು ಮೇಲೆ ಇದನ್ನು
ಹೆಚ್ಚು ಅಪಾಯದ್ದು ಅಂತ ಬರೆಯಬೇಕು.

ಯಾಕೆ, ಬಿರುಕು ಬಿಟ್ಟಿದೆಯಾ?
ಇಲ್ಲ.
ಕುಸಿದಿದೆಯಾ?
ಇಲ್ಲ. ಕೆಳಗೆ ನೋಡಿ.

ಕೆಳಗೆ, ನೋವಾಚೆಕ್ ಮಾರಿದ ಜೋಳದ ಹೊಲದಲ್ಲಿ
ಏಳು ಮನೆ. ಒಂದರ ಹಿತ್ತಲಲ್ಲಿ ನೀಲಿ ಟ್ರ್ಯಾಂಪೊಲಿನ್.
ಬೇಲಿಯ ಮೇಲೆ ಒಂದು ಮಗುವಿನ ತಲೆ
ಕಾಣುತ್ತಿತ್ತು, ಕಾಣದಾಗುತ್ತಿತ್ತು,
ಕಾಣುತ್ತಿತ್ತು.

ಹೀಗೂ ಉಂಟೆ? ಅರವತ್ತು ಚಿಲ್ಲರೆ ವರ್ಷ
ಕೂತಲ್ಲೇ ಕೂತು, ಹಿಡಿ ಮಣ್ಣೂ ಅತ್ತಿತ್ತ ಮಾಡದೆ
ಅಪಾಯವಾಗಿಬಿಡುವುದು!
ಮೊದಲು ಸಿಟ್ಟು ಬಂತು, ಆಮೇಲೆ ನಗು.
ರಿಪೇರಿಯ ಅಂದಾಜು ಓದಿದ ಮೇಲೆ ಎರಡೂ ಇಂಗಿಹೋದವು.
ಒಡೆಯುವುದಕ್ಕೂ ಅಪ್ಪಣೆ ಬೇಕಂತೆ.

ಜೂನ್ ಒಂಬತ್ತರ ರಾತ್ರಿ ಆರಿಂಚು ಸುರಿಯಿತು.
ಟಾರ್ಚು, ಹಲುಬೆ, ತೀರಿಕೊಂಡ ಗಂಡನ ರೇನ್‌ಕೋಟು.
ತೂಬಿನ ಜಾಲರಿಗೆ ಜೋಳದ ದಂಟು, ಯಾರದೋ ಕುರ್ಚಿ,
ಉಬ್ಬಿದ ರಕೂನು. ಕಾಲುಹಲಗೆಯ ಮೇಲೆ ನಿಂತು
ಎಳೆದೆ. ಹಲಗೆ ಮುಳುಗುವವರೆಗೆ ಎಳೆದೆ.
ಆಮೇಲೆ ಏರಿ ಹತ್ತಿ ಕೂತೆ;
ನನ್ನ ಭಾರವೂ ಒಂದಿಷ್ಟು ಇರಲಿ ಎಂಬಂತೆ.

ಕಿರ್ಸ್ಟನ್ ಕೊಟ್ಟ ಏಳು ನಂಬರು ಪ್ಲಾಸ್ಟಿಕ್ ಚೀಲದಲ್ಲಿ.
ಕೋಡಿಗೆ ಇನ್ನೂ ಒಂದು ಮೊಳ.
ಗೇಣಾದಾಗ ಫೋನು ಮಾಡೋಣ ಅಂದುಕೊಂಡೆ.
ಗೇಣಾದಾಗ, ನಾಲ್ಕು ಬೆರಳಾದಾಗ ಅಂದುಕೊಂಡೆ.
ಕೆಳಗೆ ಒಂದು ದೀಪ ಹತ್ತಿತು,
ಯಾರೋ ನೀರು ಕುಡಿಯಲು ಎದ್ದಿರಬೇಕು. ಆರಿತು.
ನಾಲ್ಕು ಬೆರಳಾಯಿತು.
ಮೊದಲ ನಂಬರು ಒತ್ತಿದೆ. ಮೂರು ಸಲ ರಿಂಗಾಯಿತು.
ಅಷ್ಟರಲ್ಲಿ, ಗೂಟಕ್ಕೆ ಅಂಟಿದ್ದ ಒಂದು ದಂಟು
ನೀರು ಬಿಟ್ಟು ಒಂದೆಳೆ ಮೇಲೆ ಉಳಿದಿತ್ತು.
ಇಳಿಯುತ್ತಿದೆ.
ಫೋನು ಇಟ್ಟೆ. ಕೈ ಆಗ ನಡುಗಿತು.

ಬೆಳಿಗ್ಗೆ ಅವನೇ ಮಾಡಿದ, ಎಫ್ರಾಯಿನ್ ತುಮ್,
ಮಾಂಸದ ಕಾರ್ಖಾನೆಯಿಂದ, ಹಿಂದೆ ಯಂತ್ರದ ಗದ್ದಲ:
ರಾತ್ರಿ ಈ ನಂಬರಿಂದ ಯಾರೋ...
ನಾನು ವ್ಲಾಸ್ತಾ ಹ್ರುಷ್ಕಾ, ನಿಮ್ಮ ಮೇಲಿನ ಅಣೆಕಟ್ಟಿನವಳು.
ಯಾವ ಅಣೆಕಟ್ಟು?
ಸುಮ್ಮನಿದ್ದೆ.
ಓ, ಆ ಗುಡ್ಡವಾ? ಚಳಿಗಾಲದಲ್ಲಿ ನನ್ನ ಮಗಳು
ಹಿಮದಲ್ಲಿ ಜಾರುವುದು ಅಲ್ಲೇ. ತಪ್ಪಾಯಿತಾ?

ಇಲ್ಲ, ಜಾರಲಿ, ಎಂದೆ.
ಈ ವಾರ ಮಾತ್ರ ಬೇಡ.
ಮಣ್ಣು ಇನ್ನೂ ಹಸಿ ಇದೆ.